ವಿದೇಶಿ ವಿನಿಮಯ ಪೇಟೆಗೆ ಅಲ್ಪಾವಧಿ ತಂತ್ರ ರೂಪಿಸುವುದು ಹೇಗೆ? ಮುಂಬಯಿ ಕನ್ನಡಿಗರು ಪದೇ ಪದೇ ಕೇಳುವ ಪ್ರಶ್ನೆಗಳು

ಬ್ಯಾಂಕೊಂದರ ವಿನಿಮಯ ವಿಭಾಗದಲ್ಲಿ ದುಡಿಯುವವನೆಂದು ತಿಳಿದ ಮೇಲೆ ಮಾಟುಂಗಾ, ಮುಲುಂಡ್, ಡೊಂಬಿವಿಲಿ, ಮೀರಾ ರೋಡ್ ಕಡೆಯ ನಮ್ಮವರು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಇದೇ ಪ್ರಶ್ನೆಗಳನ್ನು. ಕೇಳುವವರಲ್ಲಿ ಹೋಟೆಲಿನ ಗಲ್ಲಾದಲ್ಲಿ ಕುಳಿತವರಿದ್ದಾರೆ, ಬಿ.ಕಾಂ. ಮುಗಿಸಿದ ಹುಡುಗ ಹುಡುಗಿಯರಿದ್ದಾರೆ, ವಸಾಯಿಯಲ್ಲಿ ಬಿಡಿಭಾಗ ತಯಾರಿಸಿ ರಫ್ತು ಮಾಡುವವರೂ ಇದ್ದಾರೆ. ಒಬ್ಬೊಬ್ಬರಿಗೂ ಬೇರೆ ಬೇರೆ ಹೇಳುವ ಬದಲು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ನಾನು ಸಂಬಳದಾರ. ಡಾಲರ್–ರೂಪಾಯಿಯಲ್ಲಿ ದಿನದ ವಹಿವಾಟು ಮಾಡಿ ಲಾಭ ಗಳಿಸಬಹುದೇ?

ಡಾಲರ್‌ನಲ್ಲಿ ಬರಬೇಕಾದ ಅಥವಾ ಕೊಡಬೇಕಾದ ಹಣ ನಿಮಗೆ ಇಲ್ಲದಿದ್ದರೆ, ಇಲ್ಲ. ಬೇರೆಲ್ಲ ಉತ್ತರಗಳೂ ಇದರ ಮೇಲೆ ನಿಂತಿರುವುದರಿಂದ ಇದನ್ನು ಮೊದಲೇ ಬಿಡಿಸಿ ಹೇಳುತ್ತೇನೆ.

ನಮ್ಮ ದೇಶದಲ್ಲಿ ಡಾಲರ್–ರೂಪಾಯಿ ಫ್ಯೂಚರ್ಸ್ (ಮುಂದಿನ ಒಂದು ದಿನಕ್ಕೆ ಇಂದೇ ದರ ಗೊತ್ತುಮಾಡಿಕೊಳ್ಳುವ ಒಪ್ಪಂದ) ವಹಿವಾಟು ರಾಷ್ಟ್ರೀಯ ಷೇರು ವಿನಿಮಯ ಕೇಂದ್ರದಲ್ಲಿ ಆರಂಭವಾದದ್ದು 2008ರ ಆಗಸ್ಟ್ 29ರಂದು. 2010ರಲ್ಲಿ ಯೂರೋ, ಪೌಂಡ್, ಯೆನ್ ಸೇರಿಕೊಂಡವು. ಮುಂದೆ ಬಹಳ ವರ್ಷ ಸಾಮಾನ್ಯರೂ ಇಲ್ಲಿ ಧಾರಾಳವಾಗಿ ವಹಿವಾಟು ನಡೆಸಿದರು. 2024ರ ಜನವರಿ 5ರಂದು ರಿಸರ್ವ್ ಬ್ಯಾಂಕ್ ಒಂದು ಸುತ್ತೋಲೆ ಹೊರಡಿಸಿ, ರೂಪಾಯಿ ಒಳಗೊಂಡ ಇಂಥ ಒಪ್ಪಂದಗಳು ನಿಜವಾದ ವಿನಿಮಯ ಅಪಾಯದಿಂದ ರಕ್ಷಣೆ ಪಡೆಯುವುದಕ್ಕೆ ಮಾತ್ರ ಎಂದು ಸ್ಪಷ್ಟಪಡಿಸಿತು. ಏಪ್ರಿಲ್ 5ರಿಂದ ಜಾರಿಗೆ ಬರಬೇಕಿದ್ದ ಅದು ಮುಂದೆ ಹೋಗಿ ಮೇ 3ರಿಂದ ಜಾರಿಯಾಯಿತು. 10 ಕೋಟಿ ಡಾಲರ್‌ವರೆಗೆ ಕಾಗದಪತ್ರ ತೋರಿಸಬೇಕಿಲ್ಲ, ಆದರೆ ಆ ಅಪಾಯ ವಾಸ್ತವದಲ್ಲಿ ಇರಲೇಬೇಕು. ಕಾಗದ ಕೇಳುವುದಿಲ್ಲ ಎಂಬುದನ್ನೇ ಅನುಮತಿ ಎಂದು ಓದಿಕೊಳ್ಳುವವರನ್ನು ಕಂಡಿದ್ದೇನೆ. ಅದು ತಪ್ಪು ಓದು.

ಮೊಬೈಲ್ ಆ್ಯಪ್‌ನಲ್ಲಿ ಯೂರೋ–ಡಾಲರ್, ಪೌಂಡ್–ಡಾಲರ್ ಎಲ್ಲರೂ ಮಾಡುತ್ತಿದ್ದಾರಲ್ಲ?

ಮಾಡುತ್ತಿದ್ದಾರೆ, ಕಳೆದುಕೊಳ್ಳುತ್ತಲೂ ಇದ್ದಾರೆ. ವಿದೇಶದಲ್ಲಿ ನೋಂದಾಯಿಸಿಕೊಂಡು ಇಲ್ಲಿಯವರಿಂದ ಯುಪಿಐ ಮೂಲಕ ಹಣ ತುಂಬಿಸಿಕೊಳ್ಳುವ ಇಂಥ ವೇದಿಕೆಗಳಲ್ಲಿ ವಹಿವಾಟು ನಡೆಸಲು 1999ರ ವಿದೇಶಿ ವಿನಿಮಯ ನಿರ್ವಹಣಾ ಕಾಯ್ದೆ ಅವಕಾಶ ಕೊಡುವುದಿಲ್ಲ. ವರ್ಷಕ್ಕೆ 2,50,000 ಡಾಲರ್ ಹೊರಗೆ ಕಳುಹಿಸಬಹುದಾದ ಉದಾರೀಕೃತ ಯೋಜನೆಯಲ್ಲೂ ವಿನಿಮಯ ವಹಿವಾಟಿನ ಮಾರ್ಜಿನ್‌ಗೆ, ಅಂದರೆ ವಹಿವಾಟಿಗಾಗಿ ಮೊದಲೇ ಇಡುವ ಠೇವಣಿಗೆ, ಹಣ ಕಳುಹಿಸುವಂತಿಲ್ಲ. ಉಲ್ಲಂಘನೆ ಸಾಬೀತಾದರೆ ಆ ಮೊತ್ತದ ಮೂರು ಪಟ್ಟಿನವರೆಗೆ ದಂಡ ಬೀಳಬಹುದು. ಅನುಮತಿಯಿಲ್ಲದ ವೇದಿಕೆಗಳ ಎಚ್ಚರಿಕೆ ಪಟ್ಟಿಯೊಂದನ್ನು ರಿಸರ್ವ್ ಬ್ಯಾಂಕ್ 2022ರ ಸೆಪ್ಟೆಂಬರ್‌ನಿಂದ ತನ್ನ ಜಾಲತಾಣದಲ್ಲಿ ಇಟ್ಟಿದೆ, ಆಗಾಗ ಹಿಗ್ಗಿಸುತ್ತಲೂ ಇದೆ. ಪಟ್ಟಿಯಲ್ಲಿ ಹೆಸರಿಲ್ಲ ಎಂದ ಮಾತ್ರಕ್ಕೆ ಅನುಮತಿ ಇದೆ ಎಂದು ತಿಳಿಯಬಾರದೆಂದು ಅದೇ ಹೇಳುತ್ತದೆ.

ಕಾನೂನನ್ನು ಬದಿಗಿಟ್ಟು ಬರೀ ಲೆಕ್ಕ ನೋಡೋಣ. ಈ ಆ್ಯಪ್‌ಗಳು ನಿಮ್ಮ ಹಣದ ನೂರು ಪಟ್ಟು, ಕೆಲವೊಮ್ಮೆ ಅದಕ್ಕೂ ಹೆಚ್ಚಿನ ವಹಿವಾಟಿಗೆ ಬಿಡುತ್ತವೆ. ನೂರು ಪಟ್ಟು ಎಂದರೆ ದರ ನಿಮ್ಮ ವಿರುದ್ಧ ಶೇ 1 ಸರಿದರೆ ಅಸಲು ಪೂರ್ತಿ ಹೋಯಿತು. ಯೂರೋ–ಡಾಲರ್ ಅಷ್ಟು ಸರಿಯುವುದು ಅಪರೂಪದ ಸಂಗತಿಯಲ್ಲ. ಯೂರೋಪಿನ ನಿಯಂತ್ರಕರು 2018ರಲ್ಲಿ ಪ್ರಮುಖ ಕರೆನ್ಸಿಗಳಿಗೆ 30 ಪಟ್ಟಿನ ಮಿತಿ ಹಾಕಿದಾಗ, ಚಿಲ್ಲರೆ ಖಾತೆಗಳಲ್ಲಿ ಶೇ 74ರಿಂದ 89ರಷ್ಟು ನಷ್ಟದಲ್ಲಿವೆ ಎಂಬ ಅಂಕಿ ಕೊಟ್ಟಿದ್ದರು. ನಿಯಂತ್ರಣ ಬಿಗಿಯಾಗಿರುವ ಕಡೆಯ ಕಥೆ ಅದು. ನಿಯಂತ್ರಣವೇ ಇಲ್ಲದ ಕಡೆ ಗೆದ್ದ ಹಣ ವಾಪಸ್ ಬರುವುದೇ ಖಾತ್ರಿಯಿಲ್ಲ.

ಹಾಗಾದರೆ ತಂತ್ರ ರೂಪಿಸಲು ಕಲಿತು ಏನು ಪ್ರಯೋಜನ?

ಮೂರು ಬಗೆಯವರಿಗೆ ಪ್ರಯೋಜನವಿದೆ. ರಫ್ತು–ಆಮದು ಮಾಡುವವರು ತಮ್ಮ ಡಾಲರನ್ನು ಯಾವ ದಿನ, ಯಾವ ದರಕ್ಕೆ ಭದ್ರಪಡಿಸಬೇಕೆಂದು ನಿರ್ಧರಿಸಲೇಬೇಕು. ಅದೂ ಅಲ್ಪಾವಧಿ ನಿರ್ಧಾರವೇ. ಫೋರ್ಟ್ ಅಥವಾ ಬಾಂದ್ರಾ–ಕುರ್ಲಾ ಸಂಕೀರ್ಣದ ಬ್ಯಾಂಕುಗಳ ಡೀಲಿಂಗ್ ಕೋಣೆಗೆ ಸೇರಬೇಕೆಂಬ ಮಕ್ಕಳಿಗೆ ಇದು ಓದಿನ ಭಾಗ. ಉಳಿದವರು ಕಾಗದದ ಮೇಲೆ ನಿಜವಾದ ದರ ಹಿಡಿದು ಅಭ್ಯಾಸ ಮಾಡಬಹುದು. ಹೀಗೆ ಕಲಿತ ಶಿಸ್ತು ಮುಂದೆ ಷೇರು, ಚಿನ್ನ ಎಲ್ಲಿಗಾದರೂ ಬರುತ್ತದೆ. ಕಾಗದದ ಅಭ್ಯಾಸವನ್ನು ಕೀಳಾಗಿ ಕಾಣಬೇಡಿ. ಕಾಗದದ ಮೇಲೆ ಸೋಲುವ ತಂತ್ರ ಹಣ ಹಾಕಿದ ಮಾತ್ರಕ್ಕೆ ಗೆಲ್ಲುವುದಿಲ್ಲ.

ಅಲ್ಪಾವಧಿ ಎಂದರೆ ಎಷ್ಟು ಹೊತ್ತು?

ಕೆಲವು ನಿಮಿಷಗಳಿಂದ ಕೆಲವು ದಿನಗಳವರೆಗೆ. ಅವಧಿ ಕುಗ್ಗಿದಷ್ಟೂ ಖರ್ಚಿನ ಪಾಲು ಹಿಗ್ಗುತ್ತದೆ. ಹೊಸಬರು ನಿಮಿಷಗಳ ವಹಿವಾಟಿಗೆ ಹೋಗದೆ, ದಿನಕ್ಕೊಂದೇ ನಿರ್ಧಾರ ಬೇಡುವ ತಂತ್ರದಿಂದ ಆರಂಭಿಸುವುದು ಮೇಲು.

ಯಾವ ಇಂಡಿಕೇಟರ್ ಒಳ್ಳೆಯದು?

ಚಾರ್ಟಿನ ಮೇಲೆ ದರದ ದಿಕ್ಕು ಸೂಚಿಸುವ ಲೆಕ್ಕಗಳಿಗೆ ಇಂಡಿಕೇಟರ್ ಎನ್ನುತ್ತಾರೆ. ಎಲ್ಲರೂ ಮೊದಲು ಕೇಳುವುದು ಇದನ್ನೇ. ಮೊದಲು ಕೇಳಬೇಕಾದ ಪ್ರಶ್ನೆ ಬೇರೆ: ಈ ಹೊತ್ತಿನಲ್ಲಿ ಡಾಲರನ್ನು ಯಾರು ಕೊಳ್ಳುತ್ತಿದ್ದಾರೆ, ಯಾಕೆ?

ಡಾಲರ್–ರೂಪಾಯಿಯಲ್ಲಿ ಕೊಳ್ಳುವವರು, ಮಾರುವವರು ಯಾರೆಂದು ಹೆಸರಿಟ್ಟು ಹೇಳಬಹುದು. ಕಚ್ಚಾ ತೈಲ ತರಿಸುವ ಕಂಪನಿಗಳಿಗೆ ಡಾಲರ್ ಬೇಕು, ತಿಂಗಳ ಕೊನೆಯಲ್ಲಿ ಆಮದುದಾರರ ಬೇಡಿಕೆ ಹೆಚ್ಚುತ್ತದೆ. ಐಟಿ ಕಂಪನಿಗಳು, ರಫ್ತುದಾರರು ಡಾಲರ್ ಮಾರುತ್ತಾರೆ. ವಿದೇಶಿ ಹೂಡಿಕೆದಾರರು ಷೇರು ಮಾರಿ ಹೊರಟರೆ ಡಾಲರ್ ಕೊಳ್ಳುತ್ತಾರೆ. ಇವರೆಲ್ಲರ ಮೇಲೆ ಮಿಂಟ್ ರಸ್ತೆಯ ರಿಸರ್ವ್ ಬ್ಯಾಂಕ್ ಇದೆ. ರೂಪಾಯಿ ತೀರ ಜೋರಾಗಿ ಕುಸಿಯತೊಡಗಿದರೆ ಸಾರ್ವಜನಿಕ ವಲಯದ ಬ್ಯಾಂಕುಗಳ ಮೂಲಕ ಡಾಲರ್ ಮಾರಿ ಓಟವನ್ನು ತಗ್ಗಿಸುತ್ತದೆ. ಯೂರೋ–ಡಾಲರ್‌ನಂಥ ಜಾಗತಿಕ ಜೋಡಿಯಲ್ಲಿ ಇಂಥ ಒಬ್ಬ ಯಜಮಾನನಿಲ್ಲ. ಜಗತ್ತಿನ ವಿನಿಮಯ ಪೇಟೆಯ ಒಟ್ಟು ವಹಿವಾಟು 2022ರ ಏಪ್ರಿಲ್‌ನಲ್ಲಿ ದಿನಕ್ಕೆ 7.5 ಲಕ್ಷ ಕೋಟಿ ಡಾಲರ್ ಇತ್ತು. ಅದರ ಶೇ 88ರಲ್ಲಿ ಒಂದು ಬದಿ ಡಾಲರೇ. ಯೂರೋ–ಡಾಲರ್‌ಗೆ ಬರೆದ ಪುಸ್ತಕದ ತಂತ್ರವನ್ನು ರೂಪಾಯಿಗೆ ಹಾಗೆಯೇ ತಂದರೆ ಹೊಂದುವುದಿಲ್ಲ ಎಂದು ನಾನು ಹೇಳುವುದು ಇದಕ್ಕೇ.

ಕಾರಣ ಗೊತ್ತಾದ ಮೇಲೆ ಇಂಡಿಕೇಟರ್ ಅದನ್ನು ಅಳೆಯುವ ಸಾಧನವಾಗಿ ಬರಲಿ. ಸರಾಸರಿ ರೇಖೆ, ಆರ್‌ಎಸ್‌ಐ (ದರದ ಏರಿಳಿತದ ಬಿರುಸನ್ನು ಅಳೆಯುವ ಅಂಕಿ) ಎಲ್ಲವೂ ಹಿಂದಿನ ದರದಿಂದ ಹುಟ್ಟಿದ ಲೆಕ್ಕಗಳೇ. ಐದು ಇಂಡಿಕೇಟರ್ ಒಂದೇ ಮಾತು ಹೇಳಿದರೆ ಐದು ಸಾಕ್ಷಿ ಸಿಕ್ಕಂತಲ್ಲ. ಒಂದೇ ಸಾಕ್ಷಿ ಐದು ಸಲ ಮಾತನಾಡಿದಂತೆ.

ಒಂದು ತಂತ್ರವನ್ನು ಬರೆದು ತೋರಿಸಿ.

ಇದು ನಿಯಮ ಬರೆಯುವ ರೀತಿಯನ್ನು ತೋರಿಸಲು ಕೊಟ್ಟ ಮಾದರಿ. ಲಾಭ ತರುತ್ತದೆ ಎಂಬ ಭರವಸೆಯಿಂದ ಕೊಟ್ಟದ್ದಲ್ಲ.

ಊಹೆ: ನಮ್ಮಲ್ಲಿ ಪೇಟೆ ಮುಚ್ಚಿದ ಮೇಲೆ ನ್ಯೂಯಾರ್ಕ್‌ನಲ್ಲಿ ಡಾಲರ್ ಬಲಗೊಂಡರೆ, ಅದರ ಒಂದು ಪಾಲು ಬೆಳಿಗ್ಗೆ ಆರಂಭದ ದರದಲ್ಲೇ ಸೇರಿರುತ್ತದೆ, ಉಳಿದದ್ದು ಆಮದುದಾರರ ಆದೇಶಗಳು ಬ್ಯಾಂಕುಗಳಿಗೆ ಬಂದ ಹಾಗೆ ಮಧ್ಯಾಹ್ನದೊಳಗೆ ಸೇರುತ್ತದೆ. ಈ ಊಹೆ ಸುಳ್ಳಾಗಿರಲೂಬಹುದು. ಪರೀಕ್ಷಿಸಲಿಕ್ಕೆಂದೇ ಬರೆದಿಟ್ಟುಕೊಳ್ಳುವುದು.

ನಿಯಮಗಳು ಹೀಗೆ. ಹತ್ತಿರದ ತಿಂಗಳ ಡಾಲರ್–ರೂಪಾಯಿ ಫ್ಯೂಚರ್ಸ್ ಮಾತ್ರ. ಸಂಜೆ 5ರಿಂದ ಬೆಳಿಗ್ಗೆ 9ರೊಳಗೆ ಡಾಲರ್ ಸೂಚ್ಯಂಕ (ಇತರ ಪ್ರಮುಖ ಕರೆನ್ಸಿಗಳ ಎದುರು ಡಾಲರಿನ ಬಲ ತೋರಿಸುವ ಅಂಕಿ) ಏರಿದ್ದರೆ ಖರೀದಿಯನ್ನು ಮಾತ್ರ ಯೋಚಿಸುವುದು, ಇಳಿದಿದ್ದರೆ ಮಾರಾಟವನ್ನು ಮಾತ್ರ. 9ರಿಂದ 9.45ರವರೆಗಿನ ಗರಿಷ್ಠ, ಕನಿಷ್ಠ ದರ ಬರೆದುಕೊಳ್ಳುವುದು. ಎರಡರ ಅಂತರ 5 ಪೈಸೆಗಿಂತ ಕಡಿಮೆ ಅಥವಾ 12 ಪೈಸೆಗಿಂತ ಹೆಚ್ಚಿದ್ದರೆ ಆ ದಿನ ಬಿಡುವು. ಗರಿಷ್ಠ 85.32, ಕನಿಷ್ಠ 85.21 ಎಂದಿಟ್ಟುಕೊಳ್ಳಿ. 85.33 ಬಂದರೆ ಖರೀದಿ, 85.21ಕ್ಕೆ ಸ್ಟಾಪ್ ಲಾಸ್ (ದರ ಅಲ್ಲಿಗೆ ಇಳಿದರೆ ಮಾರಿ ನಷ್ಟ ನಿಲ್ಲಿಸುವ ಆದೇಶ), 85.57ಕ್ಕೆ, ಅಂದರೆ ಸ್ಟಾಪ್ ಇರುವ ದೂರದ ಎರಡರಷ್ಟು ಮೇಲೆ, ಲಾಭ ಪಡೆದು ಹೊರಕ್ಕೆ. ಎರಡೂ ಬಾರದಿದ್ದರೆ 3.15ಕ್ಕೆ ಇದ್ದ ದರಕ್ಕೆ ಮುಗಿಸುವುದು. ಮಧ್ಯಾಹ್ನ 12ರ ನಂತರ ಹೊಸದಾಗಿ ಪ್ರವೇಶವಿಲ್ಲ. ರಿಸರ್ವ್ ಬ್ಯಾಂಕ್ ಬೆಳಿಗ್ಗೆ 10ಕ್ಕೆ ಹಣಕಾಸು ನೀತಿ ಪ್ರಕಟಿಸುವ ದಿನ, ಬಜೆಟ್ ದಿನ, ಒಪ್ಪಂದ ಮುಗಿಯುವ ದಿನ ರಜೆ.

ಇದನ್ನು ನಿಮ್ಮ ಮನೆಯ ಇನ್ನೊಬ್ಬರ ಕೈಗೆ ಕೊಡಿ. ನಿಮ್ಮನ್ನು ಏನೂ ಕೇಳದೆ ಅವರೂ ಅದೇ ದಿನ ಅದೇ ದರಕ್ಕೆ ಕೊಂಡು, ಅದೇ ದರಕ್ಕೆ ಹೊರಬಂದರೆ ನಿಯಮ ಪೂರ್ಣವಾಗಿದೆ ಎಂದರ್ಥ. ‘ದರ ಬಲವಾಗಿ ಕಂಡರೆ ಕೊಳ್ಳುವುದು’ ಎಂದು ಬರೆದಿದ್ದರೆ ತಂತ್ರ ಇನ್ನೂ ಹುಟ್ಟಿಲ್ಲ.

ಎಷ್ಟು ಲಾಟ್ ತೆಗೆದುಕೊಳ್ಳಬೇಕು?

ಇದನ್ನು ಮಾರ್ಜಿನ್ ಎಷ್ಟಿದೆ ಎಂಬುದರಿಂದ ನಿರ್ಧರಿಸಬೇಡಿ, ಎಷ್ಟು ಕಳೆದುಕೊಳ್ಳಬಲ್ಲಿರಿ ಎಂಬುದರಿಂದ ನಿರ್ಧರಿಸಿ. ಡಾಲರ್–ರೂಪಾಯಿಯ ಒಂದು ಲಾಟ್ 1,000 ಡಾಲರ್. ಹಾಗಾಗಿ ಒಂದು ಪೈಸೆ ಸರಿದರೆ ಲಾಟಿಗೆ 10 ರೂಪಾಯಿ. ದರದ ಕನಿಷ್ಠ ಹೆಜ್ಜೆ ಕಾಲು ಪೈಸೆ, ಅಂದರೆ ಎರಡೂವರೆ ರೂಪಾಯಿ.

ಮೇಲಿನ ಮಾದರಿಯಲ್ಲಿ ಸ್ಟಾಪ್ ಲಾಸ್ 12 ಪೈಸೆ ದೂರ: ಲಾಟಿಗೆ 120 ರೂಪಾಯಿ. ದಲ್ಲಾಳಿ ಶುಲ್ಕ, ತೆರಿಗೆ, ಕೊಳ್ಳುವ–ಮಾರುವ ದರದ ಅಂತರ, ಆದೇಶ ಜಾರಿಯಾಗುವಾಗ ದರ ಜಾರುವುದು ಎಲ್ಲ ಸೇರಿ 20 ರೂಪಾಯಿ ಎಂದು ಹಿಡಿಯಿರಿ. ಒಟ್ಟು 140. ಬಂಡವಾಳ 1 ಲಕ್ಷ ಇದ್ದು ಒಂದು ವಹಿವಾಟಿನಲ್ಲಿ ಅದರ ಶೇ 0.5, ಅಂದರೆ 500 ರೂಪಾಯಿಗಿಂತ ಹೆಚ್ಚು ಕಳೆಯಬಾರದೆಂಬ ಕಟ್ಟಳೆ ಹಾಕಿಕೊಂಡಿದ್ದರೆ, 500ನ್ನು 140ರಿಂದ ಭಾಗಿಸಿ. ಮೂರೂವರೆ ಚಿಲ್ಲರೆ ಬರುತ್ತದೆ. ಮೂರು ಲಾಟ್. ನಾಲ್ಕಲ್ಲ. ಯಾವಾಗಲೂ ಕೆಳಕ್ಕೇ ಇಳಿಸಿ.

ನಷ್ಟವಾದ ಮೇಲೆ ಲಾಟ್ ದುಪ್ಪಟ್ಟು ಮಾಡಿ ಒಂದೇ ಸಲಕ್ಕೆ ತುಂಬಿಕೊಳ್ಳುವ ಪದ್ಧತಿಯನ್ನು ಯಾರಾದರೂ ಹೇಳಿಕೊಟ್ಟರೆ ಕಿವಿಗೆ ಹಾಕಿಕೊಳ್ಳಬೇಡಿ. ಬಂಡವಾಳ ಅರ್ಧಕ್ಕೆ ಇಳಿದರೆ ಮೊದಲಿನ ಜಾಗಕ್ಕೆ ಮರಳಲು ಉಳಿದದ್ದನ್ನು ದುಪ್ಪಟ್ಟು ಮಾಡಬೇಕಾಗುತ್ತದೆ.

ಚಾರ್ಟಿನಲ್ಲಿ ಲಾಭ ಕಾಣುತ್ತದೆ, ಲೆಕ್ಕ ಬರೆದರೆ ನಷ್ಟ. ಯಾಕೆ?

ಖರ್ಚು. ಒಂದು ತಂತ್ರ ನೂರಕ್ಕೆ 40 ಸಲ ಗೆದ್ದು ಲಾಟಿಗೆ 200 ರೂಪಾಯಿ ತರುತ್ತದೆ, 60 ಸಲ ಸೋತು 120 ಕಳೆಯುತ್ತದೆ ಎನ್ನೋಣ. ಬಂದದ್ದು 8,000, ಹೋದದ್ದು 7,200. ಒಂದೊಂದು ವಹಿವಾಟಿಗೆ ಸರಾಸರಿ 8 ರೂಪಾಯಿ ಲಾಭ. ಈಗ 20 ರೂಪಾಯಿ ಖರ್ಚು ಕಳೆಯಿರಿ: ಪ್ರತಿ ಸಲ 12 ರೂಪಾಯಿ ನಷ್ಟ. ತಂತ್ರ ಕಣ್ಣಿಗೆ ಗೆಲ್ಲುತ್ತಿದೆ, ಕೈಗೆ ಬರುವಾಗ ಸೋಲುತ್ತಿದೆ. ಷೇರಿನ ಹಾಗೆ ಕರೆನ್ಸಿ ಫ್ಯೂಚರ್ಸ್‌ಗೆ ಎಸ್‌ಟಿಟಿ ಎಂಬ ವಹಿವಾಟು ತೆರಿಗೆ ಇಲ್ಲವೆಂಬುದು ನಿಜ; ಲಾಟ್ ಚಿಕ್ಕದು, ಗಳಿಕೆ ಪೈಸೆಗಳಲ್ಲಿ ಎಂಬುದೂ ಅಷ್ಟೇ ನಿಜ.

ಹಳೆಯ ದರಗಳ ಮೇಲೆ ಪರೀಕ್ಷಿಸುವುದು ಹೇಗೆ?

ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಒಳ್ಳೆಯ ತಲೆಗಳೂ ಎಡವುವ ಜಾಗವಿದು.

2013ರ ಮೇ ಆರಂಭದಲ್ಲಿ ಡಾಲರಿಗೆ 54 ರೂಪಾಯಿ ಆಸುಪಾಸಿನಲ್ಲಿದ್ದ ದರ ಅದೇ ಆಗಸ್ಟ್ 28ರಂದು 68 ದಾಟಿತು. ಅಮೆರಿಕದ ಫೆಡರಲ್ ರಿಸರ್ವ್ ಬಾಂಡ್ ಖರೀದಿ ತಗ್ಗಿಸುವ ಸೂಚನೆ ಕೊಟ್ಟದ್ದೇ ಅದಕ್ಕೆ ಕಿಡಿ. ಅಂದೇ ರಿಸರ್ವ್ ಬ್ಯಾಂಕ್ ತೈಲ ಕಂಪನಿಗಳಿಗೆ ಪ್ರತ್ಯೇಕವಾಗಿ ಡಾಲರ್ ಕೊಡುವ ವ್ಯವಸ್ಥೆ ಪ್ರಕಟಿಸಿತು, ಸೆಪ್ಟೆಂಬರ್ 4ರಂದು ರಘುರಾಮ್ ರಾಜನ್ ಗವರ್ನರ್ ಹುದ್ದೆಗೆ ಬಂದರು, ದರ ಮತ್ತೆ ಕೆಳಕ್ಕಿಳಿಯಿತು. ಆ ತಿಂಗಳುಗಳಲ್ಲಿ ದಿಕ್ಕು ಹಿಡಿದು ಓಡುವ ಯಾವ ತಂತ್ರವೂ ಚಿನ್ನದಂತೆ ಕಂಡೀತು. 2023ರಲ್ಲಿ ದರ ವರ್ಷವಿಡೀ ಹೆಚ್ಚುಕಡಿಮೆ 81ರಿಂದ 83ರ ನಡುವೆ ಕದಲದೆ ಕುಳಿತಿತ್ತು. ಅದೇ ತಂತ್ರಕ್ಕೆ ಅಲ್ಲಿ ಮೇಲೆ ಮೇಲೆ ಚಿಕ್ಕ ನಷ್ಟಗಳೇ. 2024ರ ಡಿಸೆಂಬರ್‌ನಲ್ಲಿ 85 ದಾಟಿದ ಮೇಲೆ ಪೇಟೆಯ ಸ್ವಭಾವ ಮತ್ತೆ ಬದಲಾಯಿತು. ಒಂದೇ ಋತುವಿನ ದರಗಳ ಮೇಲೆ ಪರೀಕ್ಷೆ ಮಾಡಿ ತೃಪ್ತಿಪಡಬೇಡಿ. ಓಟದ ಕಾಲ, ಜಡ ಕಾಲ ಎರಡೂ ನಿಮ್ಮ ದತ್ತಾಂಶದಲ್ಲಿರಲಿ.

ದತ್ತಾಂಶವನ್ನು ಎರಡು ಭಾಗ ಮಾಡಿ. ಮೊದಲ ಭಾಗದಲ್ಲಿ ನಿಯಮ ತಿದ್ದಿ, ಎರಡನೆಯದನ್ನು ಮುಟ್ಟದೆ ಇಟ್ಟು ಕೊನೆಗೆ ಒಂದೇ ಸಲ ಓಡಿಸಿ. ಅಲ್ಲಿ ಸೋತರೆ ತಂತ್ರವನ್ನು ಬಿಟ್ಟುಬಿಡಿ. ಮತ್ತೆ ತಿದ್ದಿ ಮತ್ತೆ ಓಡಿಸಿದರೆ ಆ ಭಾಗವೂ ಅಭ್ಯಾಸದ ಭಾಗವೇ ಆಯಿತು. 9.45ರ ಬದಲು 9.40 ಎಂದಾಕ್ಷಣ ಲಾಭ ನಷ್ಟಕ್ಕೆ ತಿರುಗಿದರೆ, ನೀವು ಕಂಡದ್ದು ಆಕಸ್ಮಿಕವನ್ನು. ಒಳ್ಳೆಯ ನಿಯಮ ಅಕ್ಕಪಕ್ಕದ ಅಂಕಿಗಳಲ್ಲೂ ಸುಮಾರಾಗಿ ನಿಲ್ಲುತ್ತದೆ.

ಇನ್ನೊಂದು ಸೂಕ್ಷ್ಮ: ಫ್ಯೂಚರ್ಸ್ ದರ ಸಾಮಾನ್ಯವಾಗಿ ಅಂದಿನ ನಗದು ದರಕ್ಕಿಂತ ಮೇಲಿರುತ್ತದೆ, ಏಕೆಂದರೆ ನಮ್ಮ ಬಡ್ಡಿ ದರ ಅಮೆರಿಕದ್ದಕ್ಕಿಂತ ಹೆಚ್ಚು. ಒಂದು ತಿಂಗಳ ಒಪ್ಪಂದ ಮುಗಿದು ಮುಂದಿನದಕ್ಕೆ ಹೋದಾಗ ಚಾರ್ಟಿನಲ್ಲಿ ಕಾಣುವ ಜಿಗಿತ ಪೇಟೆಯ ಜಿಗಿತವಲ್ಲ. ಅದನ್ನು ಲಾಭವೆಂದು ಎಣಿಸುವ ಪರೀಕ್ಷೆಗಳನ್ನು ಬೇಕಾದಷ್ಟು ನೋಡಿದ್ದೇನೆ.

ಸ್ಟಾಪ್ ಲಾಸ್ ಹಾಕಿದರೆ ಭಯವಿಲ್ಲ ಅಲ್ಲವೇ?

ಸ್ಟಾಪ್ ಲಾಸ್ ಒಂದು ಆದೇಶ, ಖಾತರಿಯಲ್ಲ. 2015ರ ಜನವರಿ 15ರಂದು, ನಮ್ಮ ಸಮಯ ಮಧ್ಯಾಹ್ನ 3ಕ್ಕೆ, ಸ್ವಿಸ್ ನ್ಯಾಷನಲ್ ಬ್ಯಾಂಕ್ ಯೂರೋಗೆ 1.20 ಫ್ರಾಂಕ್ ಎಂಬ ತಳಮಿತಿಯನ್ನು ದಿಢೀರನೆ ಕೈಬಿಟ್ಟಿತು. ಕೆಲವೇ ನಿಮಿಷಗಳಲ್ಲಿ ಯೂರೋ 1 ಫ್ರಾಂಕ್‌ಗಿಂತ ಕೆಳಕ್ಕೆ ಬಿತ್ತು. 1.19ಕ್ಕೆ ಸ್ಟಾಪ್ ಹಾಕಿದ್ದವರಿಗೆ ಆ ದರದಲ್ಲಿ ಕೊಳ್ಳುವವರೇ ಇರಲಿಲ್ಲ. ಗ್ರಾಹಕರು ಅಸಲನ್ನು ಮೀರಿ ಸಾಲಗಾರರಾದರು, ಬ್ರಿಟನ್ನಿನ ಅಲ್ಪಾರಿ ಎಂಬ ದಲ್ಲಾಳಿ ಸಂಸ್ಥೆ ದಿವಾಳಿಯಾಯಿತು.

ನಮ್ಮ ಪೇಟೆಯಲ್ಲಿ ಅಪಾಯ ಬರುವುದು ರಾತ್ರಿಯ ಹೊತ್ತು. ರೂಪಾಯಿ ಜೋಡಿಗಳ ವಿನಿಮಯ ಕೇಂದ್ರದ ವಹಿವಾಟು ಬೆಳಿಗ್ಗೆ 9ರಿಂದ ಸಂಜೆ 5. ಅಮೆರಿಕದ ಉದ್ಯೋಗ ಮತ್ತು ಹಣದುಬ್ಬರದ ಅಂಕಿಗಳು ಬರುವುದು ನಮ್ಮ ಸಮಯ ಸಂಜೆ 6ಕ್ಕೆ, ಅಲ್ಲಿ ಚಳಿಗಾಲವಿದ್ದಾಗ 7ಕ್ಕೆ. ನಮ್ಮಲ್ಲಿ ಅನೇಕರು ಚರ್ಚ್‌ಗೇಟ್–ವಿರಾರ್ ಲೋಕಲ್‌ನಲ್ಲಿ ನಿಂತಿರುವ ಹೊತ್ತು ಅದು. ಫೆಡರಲ್ ರಿಸರ್ವ್‌ನ ನಿರ್ಣಯ ರಾತ್ರಿ 11.30ಕ್ಕೆ ಅಥವಾ 12.30ಕ್ಕೆ. ಇವುಗಳ ಪರಿಣಾಮವನ್ನು ನೀವು ಮರುದಿನ 9ಕ್ಕೆ ಒಂದೇ ಜಿಗಿತದಲ್ಲಿ ಕಾಣುತ್ತೀರಿ, ನಿಮ್ಮ ಸ್ಟಾಪ್ ನಡುವೆ ಎಲ್ಲೋ ದಾಟಿಹೋಗಿರುತ್ತದೆ. ಉದ್ಯೋಗದ ಅಂಕಿ ಸಾಮಾನ್ಯವಾಗಿ ಶುಕ್ರವಾರ ಬರುವುದರಿಂದ ಸೋಮವಾರದವರೆಗೆ ಏನೂ ಮಾಡುವಂತಿಲ್ಲ. ರಾತ್ರಿಗೆ ಉಳಿಸಿಕೊಳ್ಳುವ ತಂತ್ರವಾದರೆ ಲಾಟ್ ಅರ್ಧಕ್ಕೆ ಇಳಿಸಿ, ಅಂಥ ದಿನಗಳಲ್ಲಿ ಸೊನ್ನೆಗೆ ಇಳಿಸಿ.

ಸತತವಾಗಿ ಸೋತರೆ ತಂತ್ರ ಕೆಟ್ಟಿತೆಂದು ಅರ್ಥವೇ?

ನೂರಕ್ಕೆ 40 ಸಲ ಗೆಲ್ಲುವ ತಂತ್ರದಲ್ಲಿ, ನೂರು ವಹಿವಾಟಿನೊಳಗೆ ಸತತ ಆರು ಸೋಲು ಒಮ್ಮೆಯಾದರೂ ಬರುವ ಸಂಭವವೇ ಹೆಚ್ಚು. ಆರನೆಯ ಸೋಲಿನ ನಂತರ ನಿಯಮ ಬದಲಿಸಿದರೆ ನೀವು ತಂತ್ರವನ್ನು ಪರೀಕ್ಷಿಸಲೇ ಇಲ್ಲ. ಎಷ್ಟು ನಷ್ಟವಾದರೆ ನಿಲ್ಲಿಸುವುದೆಂಬ ಗೆರೆಯನ್ನು, ಉದಾಹರಣೆಗೆ ಬಂಡವಾಳದ ಶೇ 8, ಆರಂಭಕ್ಕೆ ಮೊದಲೇ ಬರೆದಿಡಿ. ಅಲ್ಲಿಯವರೆಗೆ ಕೈ ಹಚ್ಚಬೇಡಿ, ಅಲ್ಲಿಗೆ ಬಂದರೆ ಮಾತಿಲ್ಲದೆ ನಿಲ್ಲಿಸಿ.

ಊರಿನ ನೆಂಟರೊಬ್ಬರು ಟೆಲಿಗ್ರಾಂ ಗುಂಪಿಗೆ ಸೇರಿಸಿದ್ದಾರೆ. ದಿನಕ್ಕೆ ಶೇ 2 ಖಚಿತ ಎನ್ನುತ್ತಾರೆ.

ದಿನಕ್ಕೆ ಶೇ 2ರಂತೆ ಬೆಳೆದರೆ 1 ಲಕ್ಷ ರೂಪಾಯಿ 250 ವಹಿವಾಟಿನ ದಿನಗಳಲ್ಲಿ ಸುಮಾರು 1 ಕೋಟಿ 41 ಲಕ್ಷವಾಗುತ್ತದೆ. ಹಾಗೆ ಮಾಡಬಲ್ಲವನಿಗೆ ನಿಮ್ಮ ಹಣದ ಅಗತ್ಯವಿಲ್ಲ. ಈಕ್ವಿಟಿ ಫ್ಯೂಚರ್ಸ್, ಆಪ್ಷನ್ಸ್‌ನಲ್ಲಿ 2021–22ರಿಂದ 2023–24ರವರೆಗೆ ವಹಿವಾಟು ಮಾಡಿದ ವೈಯಕ್ತಿಕ ಹೂಡಿಕೆದಾರರಲ್ಲಿ ಶೇ 93 ಮಂದಿಗೆ ನಷ್ಟವಾಗಿದೆ ಎಂದು ಷೇರು ಪೇಟೆಯ ನಿಯಂತ್ರಕ ಸೆಬಿಯೇ 2024ರಲ್ಲಿ ಹೇಳಿದೆ. ಅದು ನಿಯಂತ್ರಿತ ಪೇಟೆ. ನೆಂಟರ ಮನಸ್ಸು ನೋಯುತ್ತದೆಂಬ ದಾಕ್ಷಿಣ್ಯಕ್ಕೆ ಹಣ ಹಾಕಬೇಡಿ. ಅವರನ್ನೂ ಗುಂಪಿನಿಂದ ಹೊರತನ್ನಿ. ಹಣ ಈಗಾಗಲೇ ಹೋಗಿದ್ದರೆ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನಾನು ರಫ್ತುದಾರ. ಮುಂದಿನ ತಿಂಗಳು 20,000 ಡಾಲರ್ ಬರಲಿದೆ. ನನಗೆ ಈ ತಂತ್ರಗಳಿಂದ ಏನು ಉಪಯೋಗ?

ಈ ಪೇಟೆ ಇರುವುದೇ ನಿಮಗಾಗಿ. 20,000 ಡಾಲರ್ ಎಂದರೆ 20 ಲಾಟ್. ದರ 50 ಪೈಸೆ ಕೆಳಗಿಳಿದರೆ ನಿಮ್ಮ ಕೈಗೆ 10,000 ರೂಪಾಯಿ ಕಡಿಮೆ ಬರುತ್ತದೆ. ಬ್ಯಾಂಕಿನಲ್ಲಿ ಫಾರ್ವರ್ಡ್ (ಮುಂದಿನ ದಿನದ ದರವನ್ನು ಬ್ಯಾಂಕಿನೊಂದಿಗೇ ಇಂದು ಗೊತ್ತುಮಾಡಿಕೊಳ್ಳುವ ಒಪ್ಪಂದ) ಮಾಡಿಸಬಹುದು, ಇಲ್ಲವೇ ಆ ತಿಂಗಳ ಫ್ಯೂಚರ್ಸ್ ಮಾರಬಹುದು. ಫ್ಯೂಚರ್ಸ್‌ನಲ್ಲಿ ದರ ಎಲ್ಲರಿಗೂ ಕಾಣುತ್ತದೆ, ಆದರೆ ಪ್ರತಿದಿನ ಲಾಭ ನಷ್ಟ ಖಾತೆಗೆ ಬಂದು ಹೋಗುವುದರಿಂದ ಕೈಯಲ್ಲಿ ನಗದು ಇರಬೇಕು. ತಿಂಗಳ ಕೊನೆಯ ಕೆಲಸದ ದಿನಕ್ಕೆ ಎರಡು ಕೆಲಸದ ದಿನ ಮೊದಲು, ಮಧ್ಯಾಹ್ನ 12.30ಕ್ಕೆ ಒಪ್ಪಂದದ ವಹಿವಾಟು ಮುಗಿಯುತ್ತದೆ. ಲೆಕ್ಕ ಚುಕ್ತಾ ಆಗುವುದು ರೂಪಾಯಿಯಲ್ಲಿ, ಡಾಲರ್ ಕೈಗೆ ಬರುವುದಿಲ್ಲ.

ನನ್ನ ಸಲಹೆ: ಹತ್ತು ಲಾಟ್‌ಗಳನ್ನು ಸರಕಿನ ಆದೇಶ ಖಚಿತವಾದ ದಿನವೇ ಮಾರಿಬಿಡಿ. ಉಳಿದ ಹತ್ತಕ್ಕೆ ಮೇಲಿನ ಮಾದರಿಯಂಥ ಲಿಖಿತ ನಿಯಮ ಇರಲಿ: ದರ ಇಷ್ಟಕ್ಕೆ ಏರಿದರೆ ಮಾರುವುದು, ಇಷ್ಟಕ್ಕೆ ಇಳಿದರೂ ಮಾರುವುದು, ಇಂಥ ದಿನಾಂಕ ಬಂದರೆ ದರ ಏನೇ ಇರಲಿ ಮಾರುವುದು. ಇನ್ನೂ ಮೇಲೇರುತ್ತದೆಂದು 20,000 ಡಾಲರ್ ಸರಕಿಗೆ 50 ಲಾಟ್ ಆಟ ಶುರುಮಾಡಿದರೆ ನೀವು ರಫ್ತುದಾರರಾಗಿ ಉಳಿಯುವುದಿಲ್ಲ, ಸುತ್ತೋಲೆಯ ಗೆರೆಯನ್ನೂ ದಾಟಿರುತ್ತೀರಿ.

ಸರಿಯಾಗಿ ಕಲಿಯಲು ಎಲ್ಲಿಗೆ ಹೋಗಬೇಕು?

ಪಾತಾಳಗಂಗಾದಲ್ಲಿ ಆವರಣವಿರುವ, ಸೆಬಿ ಸ್ಥಾಪಿಸಿದ ಎನ್‌ಐಎಸ್‌ಎಂ ಸಂಸ್ಥೆ ಕರೆನ್ಸಿ ಡಿರೈವೇಟಿವ್ಸ್ (ಫ್ಯೂಚರ್ಸ್‌ನಂಥ ಒಪ್ಪಂದಗಳು) ಬಗ್ಗೆ ಒಂದು ಪ್ರಮಾಣಪತ್ರ ಪರೀಕ್ಷೆ ನಡೆಸುತ್ತದೆ. ಸಾವಿರಾರು ರೂಪಾಯಿ ಕೇಳುವ ವಾರಾಂತ್ಯದ ತರಗತಿಗಿಂತ ಅದರ ಪಠ್ಯಪುಸ್ತಕವನ್ನು ಎರಡು ಸಲ ಓದುವುದು ಲಾಭ. ಜೊತೆಗೆ ಪ್ರತಿದಿನ ಎಫ್‌ಬಿಐಎಲ್ ಎಂಬ ಸಂಸ್ಥೆ ಪ್ರಕಟಿಸುವ ಉಲ್ಲೇಖ ದರವನ್ನು ಒಂದು ನೋಟ್‌ಬುಕ್ಕಿನಲ್ಲಿ ಬರೆಯಿರಿ. ಪಕ್ಕದಲ್ಲಿ ಕಚ್ಚಾ ತೈಲದ ದರ, ಡಾಲರ್ ಸೂಚ್ಯಂಕ, ವಿದೇಶಿ ಹೂಡಿಕೆದಾರರು ಷೇರಿನಲ್ಲಿ ಕೊಂಡದ್ದು ಮಾರಿದ್ದು, ಮತ್ತು ಇವನ್ನು ನೋಡಿ ನಾಳೆ ದರ ಯಾವ ಕಡೆ ಹೋಗುತ್ತದೆ ಎಂದುಕೊಂಡಿರಿ ಎಂಬ ಒಂದು ಸಾಲು. ಆ ಸಾಲನ್ನು ಪೇಟೆ ತೆರೆಯುವ ಮುಂಚೆಯೇ ಬರೆದು, ದಿನಾಂಕ ಹಾಕಿ, ಆಮೇಲೆ ಅಳಿಸಬೇಡಿ.